ಲೀಸ್ ಕಾರು ಮರಳಿಸುವ ಮುನ್ನ: ಗೀರು–ತಗ್ಗುಗಳ ಬಿಲ್ಲು ಹಗುರಾಗಲು ಏನು ಮಾಡಬೇಕು?

ಸೇಡಂ, ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿಯೂ ಕಲಬುರಗಿ ನಗರದ ಕಚೇರಿಗಳಲ್ಲಿಯೂ ಕೆಲಸ ಮಾಡುವ ಕೆಲವು ಅಧಿಕಾರಿಗಳು ಕಂಪನಿಯ ಮೂಲಕ ಲೀಸ್‌ಗೆ, ಅಂದರೆ ನಿಗದಿತ ಅವಧಿಯ ಬಾಡಿಗೆ ಕರಾರಿನ ಮೇಲೆ, ಪಡೆದ ಕಾರು ಓಡಿಸುತ್ತಾರೆ. ಅವಧಿ ಮುಗಿದು ಕಾರು ಮರಳಿಸಿದ ಮೇಲೆ ಸಂಬಳದಲ್ಲಿ ಹಾನಿಯ ಶುಲ್ಕ ಕಡಿತವಾದಾಗ ಕಂಗಾಲಾದವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕೊನೆಯ ವಾರದವರೆಗೆ ಸುಮ್ಮನಿದ್ದು, ಆಮೇಲೆ ಸಿಕ್ಕ ಅಂಗಡಿಯಲ್ಲಿ ಬಣ್ಣ ಹೊಡೆಸಿದವರು.

ಮೊದಲಿಗೆ ಕರಾರು ಪತ್ರವನ್ನು ತೆಗೆದು ಓದಿ. ನಿಗದಿತ ಉಳಿಕೆ ಬೆಲೆ ಕೊಟ್ಟು ಕಾರನ್ನು ನೀವೇ ಕೊಳ್ಳುವುದಾದರೆ ಹಾನಿಯ ಶುಲ್ಕದ ಪ್ರಶ್ನೆಯೇ ಬರುವುದಿಲ್ಲ. ಅವಧಿಗೆ ಮುನ್ನ ಮರಳಿಸುವುದಕ್ಕೆ ವಿಧಿಸುವ ದಂಡ ಬೇರೆ, ಹಾನಿಯ ಶುಲ್ಕ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ. ಸಹಜ ಸವಕಳಿ ಎಂದರೆ ಎಷ್ಟು ಉದ್ದದ ಗೀರು, ಎಷ್ಟು ಅಗಲದ ತಗ್ಗು ಎಂಬ ಅಳತೆ ಅನುಬಂಧದಲ್ಲಿ ಇದ್ದರೆ ಅದನ್ನು ಗುರುತು ಹಾಕಿಟ್ಟುಕೊಳ್ಳಿ.

ಅವಧಿ ಮುಗಿಯುವ ಮೂರು ತಿಂಗಳ ಮೊದಲು ಕಾರು ತೊಳೆದು ನೀವೇ ಪರೀಕ್ಷಿಸಿ. ತೊಳೆಯುವ ಕೆಲಸ ನಮ್ಮ ಭಾಗದಲ್ಲಿ ಅಷ್ಟು ಸಲೀಸಲ್ಲ. ಕಾರ್ಖಾನೆಗಳ ಸುತ್ತಮುತ್ತ ಕಾರಿನ ಮೇಲೆ ಕೂರುವುದು ಬರಿಯ ಮಣ್ಣಲ್ಲ, ಸಿಮೆಂಟ್ ಪುಡಿ; ಕ್ಷಾರಗುಣದ ಆ ಪುಡಿ ಇಬ್ಬನಿ ತಾಗಿದರೆ ಬಣ್ಣದ ಮೇಲೆ ಗಟ್ಟಿಯಾಗುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಒರೆಸುವುದೆಂದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೆಯೇ. ಮೊದಲು ಪೈಪಿನಿಂದ ಧಾರಾಳವಾಗಿ ನೀರು ಹರಿಸಬೇಕು. ಗಟ್ಟಿಯಾದ ಕಲೆಗಳ ಮೇಲೆ, ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ಕೆಲವು ನಿಮಿಷ ಹಾಸಿಟ್ಟು ಮತ್ತೆ ತೊಳೆಯಬೇಕು. ಇದನ್ನು ನೆರಳಿನಲ್ಲಿಯೇ ಮಾಡಿ. ಗೀರುಗಳನ್ನು ಹುಡುಕುವುದಕ್ಕೆ ಮಾತ್ರ ಬೆಳಗಿನ ಓರೆ ಬಿಸಿಲು ಬೇಕು. ಮಧ್ಯಾಹ್ನದ ಪ್ರಖರ ಬೆಳಕಿನಲ್ಲಿ ಸಣ್ಣ ತಗ್ಗುಗಳು ಕಾಣುವುದಿಲ್ಲ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಸಿಕ್ಕ ಹಾನಿಗಳನ್ನು ಬಿಡಬೇಕಾದವು, ಪಾಲಿಶ್‌ಗೆ ಹೋಗುವವು, ವಿಮೆಯಲ್ಲಿ ರಿಪೇರಿಯಾಗಬೇಕಾದವು ಎಂದು ವಿಂಗಡಿಸಬೇಕು. ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ತಡೆಯದೆ ಜಾರಿದರೆ ಗೀರು ಮೇಲಿನ ಪಾರದರ್ಶಕ ಲೇಪದಲ್ಲಿಯೇ ಇದೆ, ಪಾಲಿಶ್ ಸಾಕು. ಉಗುರು ಸಿಕ್ಕಿಕೊಂಡರೆ ಪಾಲಿಶ್‌ನಿಂದ ಅದು ಹೋಗುವುದಿಲ್ಲ. ಗೀರು ಮಾಯ ಮಾಡುವುದಾಗಿ ಮಾರುವ ಪೆನ್ನುಗಳನ್ನು ಖಂಡಿತ ಕೊಳ್ಳಬೇಡಿ. ಒಳಗೆ ತುಂಬಿದ ಅಂಟು ನಮ್ಮ ಬೇಸಿಗೆಯಲ್ಲಿ ಹಳದಿಗಟ್ಟಿ ಮೊದಲಿಗಿಂತ ಎದ್ದು ಕಾಣುತ್ತದೆ. ಟೂತ್‌ಪೇಸ್ಟ್ ಉಜ್ಜುವವರಿಗೆ ಹೇಳುವುದು ಏನೂ ಇಲ್ಲ.

ವಿಮೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೂರು ವರ್ಷದ ಏಟುಗಳನ್ನೆಲ್ಲ ಕೂಡಿಟ್ಟು, ಕೊನೆಯ ತಿಂಗಳಲ್ಲಿ ಒಂದೇ ಅಪಘಾತದಲ್ಲಿ ಆದವೆಂದು ಬರೆದುಕೊಟ್ಟರೆ ವಿಮಾ ಕಂಪನಿಯ ಪರವಾಗಿ ಹಾನಿ ಪರೀಕ್ಷಿಸುವ ಸರ್ವೇಯರ್ ಒಪ್ಪುವುದಿಲ್ಲ. ಹಿಂಬಾಗಿಲಿನ ಗೀರಿನಲ್ಲಿ ತುಕ್ಕು ಹಿಡಿದಿರುತ್ತದೆ, ಮುಂದಿನ ಬಂಪರ್‌ನ ಏಟು ಹೊಸದಾಗಿರುತ್ತದೆ. ಅದನ್ನು ಓದುವುದೇ ಅವರ ಕೆಲಸ. ಪ್ರತಿ ಏಟನ್ನೂ ಅದಾದಾಗಲೇ ತಿಳಿಸಿ ಬೇರೆ ಬೇರೆ ಕ್ಲೈಮ್ ಮಾಡಬೇಕು. ಪ್ರತಿ ಕ್ಲೈಮ್‌ನಲ್ಲಿಯೂ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000 ರೂಪಾಯಿ ಕಡ್ಡಾಯವಾಗಿ ನಮ್ಮ ಕೈಯಿಂದ ಹೋಗುತ್ತದೆ. ಭಾಗಗಳ ಸವಕಳಿ ಕಳೆಯದೆ ಬೆಲೆ ಕೊಡುವ ಝೀರೋ ಡೆಪ್ರಿಸಿಯೇಶನ್ ಸೌಲಭ್ಯ ಇಲ್ಲದ ಪಾಲಿಸಿಯಾದರೆ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ 50ರಷ್ಟನ್ನು ಕಳೆದೇ ಕೊಡುತ್ತಾರೆ, ಬಂಪರ್ ಕೂಡ ಅದರಲ್ಲಿಯೇ ಸೇರುತ್ತದೆ. ಗಾಜಿಗೆ ಆ ಕಡಿತವಿಲ್ಲ. ಆದ್ದರಿಂದ ಕಲ್ಲಿನ ಲಾರಿಯ ಹಿಂದೆ ಹೋಗಿ ಮುಂದಿನ ಗಾಜಿಗೆ ಬಿರುಕು ಬಿದ್ದಿದ್ದರೆ ಅದನ್ನು ಹಾಗೆಯೇ ಮರಳಿಸುವುದು ದಡ್ಡತನ. ಪಾಲಿಸಿ ಸಾಮಾನ್ಯವಾಗಿ ಲೀಸ್ ಕಂಪನಿಯ ಹೆಸರಿನಲ್ಲಿರುವುದರಿಂದ ಅವರ ಒಪ್ಪಿಗೆಗೂ ದಿನಗಳು ಹಿಡಿಯುತ್ತವೆ.

ಬಣ್ಣದ ಕೆಲಸ ಕಾರು ತಯಾರಿಸಿದ ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿಯೇ ಆಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪರಿಚಯದ ಅಧಿಕಾರಿಯೊಬ್ಬರು ರಸ್ತೆ ಬದಿಯ ಡೆಂಟಿಂಗ್–ಪೇಂಟಿಂಗ್ ಅಂಗಡಿಯಲ್ಲಿ ಎಡಬಾಗಿಲಿಗೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದ್ದರು. ಕಣ್ಣಿಗೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಪರೀಕ್ಷೆಗೆ ಬಂದ ಹುಡುಗ ಬಣ್ಣದ ದಪ್ಪ ಅಳೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಉಪಕರಣವನ್ನು ಬಾನೆಟ್ ಮೇಲೆ ಇಟ್ಟಾಗ 100 ಮೈಕ್ರಾನ್ ಆಸುಪಾಸಿನ ಅಂಕಿ ಬಂತು, ಬಾಗಿಲ ಮೇಲೆ ಇಟ್ಟಾಗ ಅದು 500 ದಾಟಿತು; ಪುಟ್ಟಿ ತುಂಬಿದ್ದು ಅಲ್ಲಿಯೇ ಬಯಲಾಯಿತು. ಕಡೆಗೆ ಅಂಗಡಿಗೆ ಕೊಟ್ಟ ಹಣವೂ ಹೋಯಿತು, ಇಡೀ ಬಾಗಿಲಿನ ಶುಲ್ಕವೂ ಬಿತ್ತು. ಫರ್ಸಿ ಕಲ್ಲಿನ ಕಟ್ಟೆಗೆ ತಾಗಿ ಅಲಾಯ್ ಚಕ್ರದ ಅಂಚಿನಲ್ಲಿ ಆಗುವ ಗೀರುಗಳನ್ನು, ಕರಾರಿನ ಅಳತೆಯೊಳಗೆ ಇದ್ದರೆ, ಮುಟ್ಟದಿರುವುದೇ ಒಳ್ಳೆಯದು.

ಟೈರಿನ ಚಡಿಯ ಆಳ ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಇರಬೇಕು, ಕರಾರು ಅದಕ್ಕಿಂತ ಹೆಚ್ಚು ಕೇಳಬಹುದು. ಎರಡನೇ ಕೀಲಿ, ಸ್ಟೆಪ್ನಿ, ಜಾಕಿ, ಸರ್ವಿಸ್ ದಾಖಲೆಗಳನ್ನು ಹುಡುಕಿಡಿ, ಬಾಕಿ ಚಲನ್‌ಗಳನ್ನು ಕಟ್ಟಿ. ಕಿಟಕಿಯ ಫಿಲ್ಮನ್ನು ಅವಸರದಲ್ಲಿ ಕಿತ್ತರೆ ಹಿಂದಿನ ಗಾಜಿನ ಮಂಜು ಕರಗಿಸುವ ತಂತಿಗೆರೆಗಳೂ ಕಿತ್ತುಬರುತ್ತವೆ; ಆ ಕೆಲಸವನ್ನು ಬಲ್ಲವರಿಗೆ ಬಿಡಿ.

ಮರಳಿಸುವ ದಿನ ತೊಳೆದ ಕಾರಿನ ಎಲ್ಲ ಬದಿಗಳ, ನಾಲ್ಕು ಚಕ್ರಗಳ, ಒಳಭಾಗದ, ಓಡಿದ ಕಿಲೋಮೀಟರ್ ಅಂಕಿಯ ಫೋಟೊ ಮತ್ತು ನಿರಂತರ ವಿಡಿಯೊ ತೆಗೆದಿಟ್ಟುಕೊಳ್ಳಿ. ಪರೀಕ್ಷಕರ ಜೊತೆಯಲ್ಲಿಯೇ ಸುತ್ತು ಹಾಕಿ. ಡ್ರೈವರ್ ಕೈಯಲ್ಲಿ ಕೀಲಿ ಕಳಿಸಿ ಕಚೇರಿಯಲ್ಲಿ ಕುಳಿತವರಿಗೆ ಆಮೇಲೆ ವಾದಿಸಲು ಆಧಾರವಿರುವುದಿಲ್ಲ. ವರದಿಯಲ್ಲಿ ಖಾಲಿ ಬಿಟ್ಟ ಕಾಲಂಗಳಿದ್ದರೆ ಸಹಿ ಹಾಕಬೇಡಿ. ಒಪ್ಪದ ಅಂಶವಿದ್ದರೆ ಸಹಿಯ ಪಕ್ಕದಲ್ಲಿಯೇ ಅದನ್ನು ಬರೆದು, ಪ್ರತಿಯನ್ನು ಅಲ್ಲಿಯೇ ಪಡೆಯಿರಿ.

ಬಿಲ್ಲು ಬಂದಾಗ ಒಟ್ಟು ಮೊತ್ತ ನೋಡಿ ಒಪ್ಪಿಕೊಳ್ಳಬಾರದು. ಪ್ರತಿ ಹಾನಿಗೂ ಫೋಟೊ ಮತ್ತು ವರ್ಕ್‌ಶಾಪಿನ ಅಂದಾಜು ಪಟ್ಟಿಯನ್ನು ಕೇಳಿ, ರಿಪೇರಿ ಸಾಕಾಗುವಲ್ಲಿ ಹೊಸ ಭಾಗದ ಬೆಲೆ ಹಾಕಿದ್ದಾರೆಯೇ ಎಂದು ನೋಡಿ, ಕಾರು ಕೈಗೆ ಬಂದ ದಿನದ ವರದಿಯಲ್ಲಿಯೇ ಇದ್ದ ಗೀರುಗಳನ್ನು ಹೊಡೆದುಹಾಕಿಸಿ. ಆಕ್ಷೇಪವನ್ನು ಲೀಸ್ ಕಂಪನಿಗೂ ನಿಮ್ಮ ಕಂಪನಿಯ ಎಚ್‌ಆರ್ ವಿಭಾಗಕ್ಕೂ ಒಟ್ಟಿಗೆ ಇಮೇಲ್‌ನಲ್ಲಿ ಕಳಿಸಿ. ಉದ್ಯೋಗವನ್ನೇ ಬಿಡುತ್ತಿರುವವರು ಅಂತಿಮ ಲೆಕ್ಕಕ್ಕೆ ಸಹಿ ಹಾಕುವ ಮೊದಲೇ ಈ ಬಿಲ್ಲನ್ನು ತರಿಸಿಕೊಳ್ಳಬೇಕು. ಸಹಿಯಾದ ಮೇಲೆ ನಿಮ್ಮ ಇಮೇಲ್‌ಗೆ ಉತ್ತರಿಸುವ ಅವಸರ ಯಾರಿಗೂ ಇರುವುದಿಲ್ಲ.