ಐದು ಟೈರ್, 76,000 ಕಿಲೋಮೀಟರ್: ನನ್ನ ಅನುಭವ

ಹಾಸನದ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನವರು ನನಗಿಟ್ಟ ಹೆಸರು ಡಾಕ್ಟ್ರು. ಬೆಳಿಗ್ಗೆ ಆರಕ್ಕೆ ಗಾಳಿ ಅಳೆಯುವ ಗೇಜ್ ಹಿಡಿದು ಟೈರ್ ಪಕ್ಕ ಕೂತರೆ ಸಾಕು, "ಏನ್ ಡಾಕ್ಟ್ರೇ, ಇವತ್ತು ಬಿಪಿ ಎಷ್ಟಿದೆ?" ಅಂತ ಯಾರಾದರೂ ಕೂಗುತ್ತಿದ್ದರು. ಕಳೆದ ಸೆಟ್ 76,000 ಕಿಲೋಮೀಟರ್ ಓಡಿದ ಮೇಲೆ ಕೂಗು ಸ್ವಲ್ಪ ಕಮ್ಮಿಯಾಗಿದೆ.

ಗಾಡಿ 2012ರ ಡೀಸೆಲ್ ಡಿಸೈರ್. ಟೈರ್ ಸೈಜ್ 165/80 ಆರ್ 14. 2019ರಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡೆ. ಬಾಡಿಗೆ ಜಾಸ್ತಿ ಸುಬ್ರಹ್ಮಣ್ಯ, ಧರ್ಮಸ್ಥಳ, ಮಂಗಳೂರು. ಅಂದರೆ ವಾರಕ್ಕೆ ಎರಡು ಮೂರು ಸಲ ಶಿರಾಡಿ ಘಾಟಿ ಗ್ಯಾರಂಟಿ.

ಮೊದಲ ಮಳೆಗಾಲದಲ್ಲಿ ಗುಂಡ್ಯದ ಹತ್ತಿರ ಪಂಚರ್ ಆಯಿತು. ಸ್ಟೆಪ್ನಿ ತೆಗೆದರೆ ಗ್ರಿಪ್ ಪೂರ್ತಿ ಇದೆ, ರಬ್ಬರ್ ಕೂದಲು ಕೂಡ ಉದುರಿಲ್ಲ. ಖುಷಿಯಿಂದ ಹಾಕಿದೆ. ಉಪ್ಪಿನಂಗಡಿ ದಾಟುವಷ್ಟರಲ್ಲಿ ಗಾಡಿ ನಡುಗಲು ಶುರುವಾಯಿತು. ಮಾಣಿಯಲ್ಲಿ ಇಳಿದು ನೋಡಿದೆ. ಗ್ರಿಪ್ ಒಂದು ಕಡೆ ಹಪ್ಪಳದ ಹಾಗೆ ಎದ್ದಿತ್ತು. ಪಂಚರ್ ಅಂಗಡಿಯ ಹಿರಿಯರು ಟೈರ್ ಪಕ್ಕದ ನಾಲ್ಕು ಅಂಕಿ ಒರೆಸಿ ತೋರಿಸಿದರು: 2212. 2012ರ 22ನೇ ವಾರದ ಮಾಲು. "ಇದು ಓಡಿ ಸತ್ತದ್ದಲ್ಲ ಮಾರಾಯ್ರೆ, ಕೂತು ಸತ್ತದ್ದು" ಅಂದರು.

ಆ ಮಾತು ತಲೆಯಲ್ಲಿ ಕೂತಿತು. ಡಿಕ್ಕಿಯಲ್ಲಿ ಸುಮ್ಮನೆ ಸಾಯುವ ಟೈರನ್ನು ಉಳಿದವುಗಳ ಜೊತೆ ಓಡಿಸಿದರೆ ಏನು? ಸ್ಟ್ಯಾಂಡಿನಲ್ಲಿ ಹೇಳಿದೆ. ನಕ್ಕರು. "ಐದು ಟೈರ್ ಸವೆಸಿ ನಾಲ್ಕರ ಲೆಕ್ಕ ಹೇಳ್ತೀಯಾ?" ಅಂದರು.

ನಕ್ಕಿದ್ದು ತಪ್ಪೇನೂ ಅಲ್ಲ. ಶುರುವಿನಲ್ಲಿ ನಾನು ಮಾಡಿದ್ದೆಲ್ಲ ಎಡವಟ್ಟೇ. ಮೊದಲ ಸೆಟ್ 38,000ಕ್ಕೆ ಮುಗಿಯಿತು. ಎರಡೂ ಅಂಚು ಬೋಳು, ನಡುವೆ ಗ್ರಿಪ್. ಗಾಳಿ ಕಮ್ಮಿಯಿದ್ದರೆ ಹೀಗೇ ಸವೆಯುತ್ತದೆ ಅಂತ ನಿಮಗೂ ಗೊತ್ತು. ಆದರೆ ನಾನು ವಾರ ವಾರ ಬಂಕಿನಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಿಡಿಸುತ್ತಿದ್ದೆನಲ್ಲ? ಗೇಜ್ ಕೊಂಡ ಮೇಲೆ ಕಳ್ಳ ಸಿಕ್ಕಿದ. ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬಂಕಿಗೆ ಹೋದರೆ ಬಿಸಿಗೆ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ. ಹುಡುಗ ಅದನ್ನು ಇಳಿಸಿ 33ಕ್ಕೆ ತರುತ್ತಾನೆ. ಬೆಳಿಗ್ಗೆ ತಣ್ಣಗಾದಾಗ 29. ಸಾಲದ್ದಕ್ಕೆ ಆ ಬಂಕಿನ ಮೀಟರೇ ಎರಡು ಜಾಸ್ತಿ ತೋರಿಸುತ್ತಿತ್ತು. ಅಲ್ಲಿಂದ ಗೇಜ್, ಸಣ್ಣ ಕಂಪ್ರೆಸರ್ ಎರಡೂ ನನ್ನವೇ. ಸುಮಾರು 2,500 ಆಯಿತು. ವಾರಕ್ಕೆರಡು ಸಲ, ಗಾಡಿ ಕದಲುವ ಮೊದಲು.

ಎರಡನೇ ಪೆಟ್ಟು ಅಲೈನ್‌ಮೆಂಟಿನದು, ಅಂದರೆ ಚಕ್ರಗಳ ಕೋನ ಸರಿಮಾಡುವುದು. ಮುಂದಿನ ಎಡ ಟೈರ್ ಒಳಗಡೆಯಿಂದ ತಿಂದುಹೋಗುತ್ತಿತ್ತು. ಒಂದು ಅಂಗಡಿಯಲ್ಲಿ ಎರಡು ತಿಂಗಳಲ್ಲಿ ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ. ಪ್ರತಿ ಸಲ ಸ್ಕ್ರೀನಿನಲ್ಲಿ ಎಲ್ಲ ಹಸಿರು. ಕೊನೆಗೆ ಬೇರೆ ಮೆಕ್ಯಾನಿಕ್ ಚಕ್ರ ಎತ್ತಿ ಅಲ್ಲಾಡಿಸಿದರೆ ಲೋಯರ್ ಆರ್ಮ್ ಬುಷ್ (ಚಕ್ರ ಹಿಡಿದಿಡುವ ಕೆಳಗಿನ ತೋಳಿನ ರಬ್ಬರ್) ಲೊಡಲೊಡ. ನಿಂತಾಗ ಸರಿ, ಬ್ರೇಕ್ ಹಿಡಿದಾಗ ಚಕ್ರ ಹೊರಳುತ್ತಿತ್ತು. ಮೂರು ಸಲದ ದುಡ್ಡಿಗೆ ಬುಷ್ ಬಂದಿರುತ್ತಿತ್ತು. ಈಗ ಮೊದಲು ಕೆಳಗಡೆ ಅಲ್ಲಾಡಿಸಿ ನೋಡದೆ ಅಲೈನ್‌ಮೆಂಟ್ ಮಾತೇ ಎತ್ತುವುದಿಲ್ಲ.

ನಡುವೆ ಒಂದಿಷ್ಟು ಹುಚ್ಚಾಟವೂ ನಡೆಯಿತು. ನೈಟ್ರೋಜನ್ ಹಾಕಿಸಿದೆ. ನಾಲ್ಕು ತಿಂಗಳು ಎರಡು ಚಕ್ರಕ್ಕೆ ಅದು, ಎರಡಕ್ಕೆ ಮಾಮೂಲಿ ಗಾಳಿ. ನನ್ನ ಗೇಜಿಗೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಮಾಮೂಲಿ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ, ಅಲ್ವಾ? ಆಮೇಲೆ ಮೈಲೇಜ್ ಆಸೆಗೆ 40 ಪಿಎಸ್‌ಐ ಹಿಡಿಸಿದೆ. ಲೀಟರಿಗೆ ಅರ್ಧ ಕಿಲೋಮೀಟರ್ ಸಿಕ್ಕಿತು ಅನ್ನಿಸುತ್ತದೆ. ಆದರೆ ಗ್ರಿಪ್ ನಡುವೆ ಸವೆಯಲು ಹತ್ತಿತು. ದೋಣಿಗಲ್ ಇಳಿಜಾರಿನಲ್ಲಿ ತುಂತುರು ಮಳೆಗೆ ಬ್ರೇಕ್ ಹಿಡಿದರೆ ಗಾಡಿ ನಿಲ್ಲದೆ ಸೊಂಟ ತಿರುಗಿಸಿತು. ಹಿಂದಿನ ಸೀಟಿನ ಅಜ್ಜಿ ಮಂಜುನಾಥ ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆ. ಆ ಪ್ರಯೋಗ ಅವತ್ತೇ ಮುಗಿಯಿತು.

ಲಾಕ್‌ಡೌನ್ ಆದ ಮೇಲೆ ಒಂದೇ ಕಂಪನಿಯ, ಒಂದೇ ಬಗೆಯ ಐದು ಟೈರ್ ತಂದೆ. ಸುಮಾರು 21,500. ಮನೆಯಲ್ಲಿ ಎರಡು ದಿನ ಮಾತು ನಿಂತಿತ್ತು. ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಜಾಗ ಬದಲು: ಮುಂದಿನವು ನೆಟ್ಟಗೆ ಹಿಂದೆ, ಹಿಂದಿನವು ಅಡ್ಡ ದಾಟಿ ಮುಂದೆ. ಸ್ಟೆಪ್ನಿ ಯಾವ ಮೂಲೆಯಲ್ಲಿ ಒಳಗೆ ಬರುತ್ತದೆ, ಯಾವುದು ಡಿಕ್ಕಿಗೆ ಹೋಗುತ್ತದೆ ಅನ್ನೋದು ನನ್ನ ಡೈರಿಯಲ್ಲಿರಲಿ. ಅಷ್ಟಾದರೂ ಬಚ್ಚಿಡಬೇಕಲ್ಲ! ಘಾಟಿಗೆ ಐದು ಜನ, ಲಗೇಜ್ ತುಂಬಿದಾಗ ಹಿಂದಕ್ಕೆ ಎಷ್ಟು ಗಾಳಿ ಅಂತಲೂ ಕೇಳಬೇಡಿ. ಬಾಗಿಲ ಕಂಬದ ಸ್ಟಿಕರ್ ಓದಿ, ಅಲ್ಲಿಂದ ಶುರು ಮಾಡಿ. ಒಂದೇ ದಿಕ್ಕಿಗೆ ತಿರುಗಬೇಕಾದ, ಬಾಣದ ಗುರುತಿನ ಟೈರ್ ಇದ್ದರೆ, ಇಲ್ಲವೇ ಸ್ಟೆಪ್ನಿ ಸಣ್ಣ ಸೈಜಿನದಿದ್ದರೆ ಈ ಆಟ ನಡೆಯುವುದಿಲ್ಲ.

ಗ್ರಿಪ್ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅನ್ನುತ್ತದೆ ಕಾನೂನು, ಗೆರೆ ನಡುವಿನ ಆ ಸಣ್ಣ ದಿಬ್ಬದ ಮಟ್ಟ. ಬಯಲುಸೀಮೆಯ ಬೇಸಿಗೆಗೆ ನಡೆದೀತು. ಶಿರಾಡಿಯ ಜುಲೈಗೆ ನಡೆಯದು. ಮೇ ಕೊನೆಯಲ್ಲಿ ಅಳೆದು ಮೂರರ ಹತ್ತಿರ ಬಂದಿದ್ದರೆ ಬದಲಿಸುತ್ತೇನೆ. ಪಕ್ಕದಲ್ಲಿ ಬಲೂನಿನ ಹಾಗೆ ಉಬ್ಬಿದ್ದರೆ ಗ್ರಿಪ್ ನೋಡುವುದೇ ಇಲ್ಲ, ಅವತ್ತೇ ಹೊರಗೆ. ಆಯುಧಪೂಜೆಗೆ ನಿಂಬೆಹಣ್ಣು ಇಡಲು ಬಗ್ಗಿದಾಗ ಅಂಥದ್ದೊಂದು ಒಳಪಕ್ಕದಲ್ಲಿ ಕಂಡಿತ್ತು. ಹಳೇ ಸೆಟ್ಟಿನದು, ಗ್ರಿಪ್ ಅರ್ಧ ಉಳಿದಿತ್ತು. ಹೊಟ್ಟೆ ಉರಿಯಿತು, ಆದರೂ ತೆಗೆದೆ.

ಈಗ ಲೆಕ್ಕ. 76,000 ಅಂದರೂ ಡಿಕ್ಕಿಯ ಸರದಿ ಕಳೆದರೆ ಒಂದೊಂದು ಟೈರ್ ಓಡಿದ್ದು 61,000ದಷ್ಟು. ಸ್ಟ್ಯಾಂಡಿನವರು ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ. ಮೊದಲ ಸೆಟ್ಟಿಗೆ ಕಿಲೋಮೀಟರಿಗೆ 42 ಪೈಸೆ ಬಿದ್ದಿತ್ತು. ಇದಕ್ಕೆ ಅಲೈನ್‌ಮೆಂಟ್ ಖರ್ಚು ಸೇರಿಸಿಯೂ 33. ಕಂಪ್ರೆಸರ್ ದುಡ್ಡು ಹಿಡಿದಿಲ್ಲ. "ಒಂಬತ್ತು ಪೈಸೆಗೆ ಆರು ಗಂಟೆಗೆ ಏಳ್ತೀರಾ?" ಅಂತ ಹೆಂಡತಿ ಕೇಳಿದಳು. ತಿಂಗಳಿಗೆ ಮುನ್ನೂರು ಚಿಲ್ಲರೆ ಅಷ್ಟೇ, ಒಪ್ಪಿದೆ. ಆದರೆ ಆ ಸೆಟ್ಟಿನಲ್ಲಿ ಪಂಚರ್ ಬಿಟ್ಟರೆ ಟೈರ್ ದೆಸೆಯಿಂದ ಒಂದು ಬಾಡಿಗೆಯೂ ತಪ್ಪಲಿಲ್ಲ.

ಮೊನ್ನೆ ಮತ್ತೆ ಐದು ತರಲು ಹೋದೆ. ನಾಲ್ಕು ಈ ವರ್ಷದವು. ಐದನೆಯದು ಎರಡು ವರ್ಷ ಹಳೇದು. "ಸ್ಟೆಪ್ನಿಗೆ ತಾನೇ ಸಾರ್, ಯಾರು ನೋಡ್ತಾರೆ?" ಅಂದ ಹುಡುಗ. ನಾಲ್ಕು ಹಾಕಿಸಿಕೊಂಡು, ಹಳೇದರಲ್ಲೇ ಒಳ್ಳೆಯದೊಂದನ್ನು ಡಿಕ್ಕಿಗೆ ಹಾಕಿ ಬಂದೆ. ಐದನೆಯದಕ್ಕೆ ಗುರುವಾರ ಬನ್ನಿ ಅಂದಿದ್ದಾರೆ.