ಮೂರು ಲೈಟು ಬಿಟ್ಟು ಒಂದಕ್ಕೆ ಬಂದೆ: ಲೈಟಿಂಗ್ ಕಲಿತ ನನ್ನ ಅನುಭವ

ಒಂದೇ ಲೈಟಲ್ಲಿ ಸಂದರ್ಶನ ಶೂಟ್ ಮಾಡುತ್ತೇನೆ ಅಂದಾಗ ಜೊತೆಗಿದ್ದ ಯಾರೂ ನಂಬಲಿಲ್ಲ. ಕೀ (ಮುಖ್ಯ ಬೆಳಕು), ಫಿಲ್ (ನೆರಳು ತುಂಬುವ ಬೆಳಕು), ಬ್ಯಾಕ್ (ಹಿಂದಿನಿಂದ ಬೀಳುವ ಬೆಳಕು) ಮೂರೂ ಇಲ್ಲದೆ ಆಗಲ್ಲ ಅಂತಲೇ ಎಲ್ಲರ ಮಾತು. ಈಗ ನನ್ನ ಹೆಚ್ಚಿನ ಸಂದರ್ಶನಗಳು ಒಂದೇ ಲೈಟಲ್ಲಿ ಆಗುತ್ತಿವೆ. ಎಷ್ಟು ಲೈಟ್ ಹಾಕಿದ್ದೀರಿ ಅಂತ ಅವರೇ ಕೇಳುತ್ತಾರೆ.

ಮೊದಲು ದುಡ್ಡಿನ ವಿಚಾರ. ನನ್ನ ಹತ್ತಿರ ಮೂರು ಎಲ್‌ಇಡಿಗಳ ಅಗ್ಗದ ಕಿಟ್ ಇತ್ತು. ಕ್ಯಾಮೆರಾ ಬೆಲೆಯ ಸುಮಾರು ಮೂರನೇ ಒಂದು ಪಾಲು ಅದಕ್ಕೇ ಹೋಗಿತ್ತು. ಮೂರರ ಮೇಲೂ 5600 ಕೆಲ್ವಿನ್ (ಹಗಲಿನ ಬೆಳಕಿನ ಬಣ್ಣ) ಅಂತ ಬರೆದಿತ್ತು, ಆದರೆ ಒಂದು ಹಸಿರಿಗೆ ತಿರುಗುತ್ತಿತ್ತು. ಮುಖದ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು. ಗ್ರೇಡಿಂಗ್‌ನಲ್ಲಿ (ಶೂಟ್ ಆದಮೇಲೆ ಬಣ್ಣ ತಿದ್ದುವಾಗ) ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಶಟರ್ ವೇಗ ಸೆಕೆಂಡಿನ 1/50 ಇದ್ದಾಗ ತೊಂದರೆ ಇರಲಿಲ್ಲ. ಸ್ಲೋ ಮೋಷನ್‌ಗೆ ಅಂತ 1/200ಕ್ಕೆ ಏರಿಸಿದರೆ ಲೈಟ್ ಮಿಣುಕುವುದು ಫ್ರೇಮ್ ತುಂಬ ಪಟ್ಟಿ ಪಟ್ಟಿಯಾಗಿ ಓಡುತ್ತಿತ್ತು. ಕೊಂಡಿದ್ದರ ಅರ್ಧಕ್ಕೂ ಕಡಿಮೆಗೆ ಮಾರಿಬಿಟ್ಟೆ. ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನೋದರ ಅಂಕ) 95ಕ್ಕಿಂತ ಜಾಸ್ತಿ ಇರುವ, 200 ವ್ಯಾಟ್ ಆಸುಪಾಸಿನ ಒಂದೇ ಲೈಟ್ ತಗೊಂಡೆ. ಉಳಿದ ದುಡ್ಡು ಭಾರದ ಸ್ಟ್ಯಾಂಡಿಗೂ ಮರಳಿನ ಚೀಲಗಳಿಗೂ ಹೋಯಿತು. ಲೈಟಿನಷ್ಟೇ ಸ್ಟ್ಯಾಂಡಿಗೂ ಖರ್ಚು ಮಾಡಿ, ದಯವಿಟ್ಟು.

ಕಲಿತದ್ದು ಒಂದು ಗೊಂಬೆ ತಲೆಯ ಮೇಲೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಒ, ಅಪರ್ಚರ್, ವೈಟ್ ಬ್ಯಾಲೆನ್ಸ್ ಸೆಟಿಂಗ್ ಎಲ್ಲ ಲಾಕ್. ಲೈಟ್ ಮಾತ್ರ ಕದಲಬೇಕು. ಆಗಲೇ ದೂರದ ಲೆಕ್ಕ ಕಣ್ಣಿಗೆ ಕಂಡಿದ್ದು. ದೂರ ಎರಡರಷ್ಟಾದರೆ ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ), ಇದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಗೋಡೆ ಕಪ್ಪಾಗಿಸಲು ಬಳಸುವವರು ಕಡಿಮೆ. ಮುಖದಿಂದ ಲೈಟ್ 3 ಮೀಟರ್, ಗೋಡೆ ಲೈಟಿನಿಂದ 5 ಮೀಟರ್ ಇದ್ದರೆ ಗೋಡೆ ಮುಖಕ್ಕಿಂತ ಒಂದೂವರೆ ಸ್ಟಾಪ್ ಅಷ್ಟೇ ಕಡಿಮೆ. ಅದೇ ಲೈಟನ್ನು ಮುಖದ ಹತ್ತಿರ 1 ಮೀಟರಿಗೆ ತನ್ನಿ, ಗೋಡೆ ಲೈಟಿನಿಂದ 3 ಮೀಟರ್ ಇರಲಿ. ಗೋಡೆ ಮೂರು ಸ್ಟಾಪಿಗಿಂತ ಜಾಸ್ತಿ ಕೆಳಗಿಳಿಯುತ್ತದೆ. ಗೋಡೆಗೆ ನಾವು ಕೈಯೇ ಹಚ್ಚಲಿಲ್ಲ, ಅಲ್ವಾ?

ನೆರಳು ಮೆತ್ತಗಾಗಲಿ ಅಂತ ನಾಲ್ಕಡಿ ಫ್ರೇಮಿಗೆ ಟ್ರೇಸಿಂಗ್ ಪೇಪರ್ ಕಟ್ಟಿ ಅದರ ಹಿಂದೆ ಲೈಟ್ ಇಟ್ಟೆ. ಶುರುವಿನಲ್ಲಿ ಪೇಪರಿನ ನಡುವೆ ಮಾತ್ರ ಬೆಳಗುತ್ತಿತ್ತು, ಮೂಗಿನ ನೆರಳು ಗಡುಸಾಗಿಯೇ ಉಳಿಯುತ್ತಿತ್ತು. ಲೈಟನ್ನು ಮೂರಡಿ ಹಿಂದಕ್ಕೆ ಸರಿಸಿದಾಗ ಇಡೀ ಪೇಪರ್ ತುಂಬಿತು, ನೆರಳಿನ ಅಂಚು ಮೆತ್ತಗಾಯಿತು. ನಡುವೆ ಒಮ್ಮೆ 500 ವ್ಯಾಟ್ ಹ್ಯಾಲೋಜೆನ್ ಲೈಟ್ ಕೂಡ ಇಟ್ಟು ನೋಡಿದೆ. ಬಣ್ಣ ತುಂಬ ಚೆನ್ನಾಗಿತ್ತು, ಆದರೆ ಪೇಪರ್ ಕಂದಾಗತೊಡಗಿತು. ಆರಿಸಿಬಿಟ್ಟೆ.

ಇಷ್ಟಾದರೂ ಮುಖ ಚಪ್ಪಟೆಯೇ. ಬಿಳಿ ಗೋಡೆಗಳ ಕೋಣೆ, ಬೆಳಕು ಸುತ್ತಿ ಬಂದು ನೆರಳಿನ ಕಡೆಯನ್ನೂ ತುಂಬುತ್ತಿತ್ತು. ಎರಡು ಕೆನ್ನೆಗಳಿಗೆ ಅರ್ಧ ಸ್ಟಾಪ್ ವ್ಯತ್ಯಾಸವೂ ಸಿಗುತ್ತಿರಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಬೆಳಕು ಹೀರುವ ಕಪ್ಪು ಬಟ್ಟೆ. ನೆರಳಿನ ಕೆನ್ನೆಯಿಂದ ಎರಡಡಿ ದೂರ, ಕ್ಯಾಮೆರಾಗೆ ಕಾಣದಂತೆ ಸ್ವಲ್ಪ ಆಚೆ ನಿಲ್ಲಿಸಿದೆ. ವ್ಯತ್ಯಾಸ ಎರಡು ಸ್ಟಾಪಿಗೆ ಹೋಯಿತು, ದವಡೆಯ ಗೆರೆ ಎದ್ದು ಕಂಡಿತು. ಹೊಳೆಯುವ ಬಟ್ಟೆ ಬೇಡ, ಅದು ಕಪ್ಪಾದರೂ ಬೆಳಕು ಎಸೆಯುತ್ತದೆ. ವೆಲ್ವೆಟ್ ತರದ್ದು ಸರಿ.

ಕನ್ನಡಕದವರು ಬಂದರೆ ಲೈಟ್ ಮೇಲಕ್ಕೆ ಏರಿಸುತ್ತೇನೆ. ಸಾಲದಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂಚೂರು ಎತ್ತಿ ಕೂರಿಸಿದರೆ ಗಾಜು ಕೆಳಕ್ಕೆ ಬಾಗಿ ಪ್ರತಿಬಿಂಬ ಹೋಗುತ್ತದೆ. ಕಣ್ಣಿನ ಮಿಂಚಿಗೆ ಏನು ಇಡುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬ್ಯಾಕ್ ಲೈಟ್ ಇಲ್ಲದೆ ಕಪ್ಪು ಕೂದಲು ಹಿನ್ನೆಲೆಯಲ್ಲಿ ಕರಗಿಹೋಗಲ್ವಾ ಅಂತ ಈಗಲೂ ಕೇಳುತ್ತಾರೆ. ಹೋಗುತ್ತದೆ, ಗೋಡೆ ಪೂರ್ತಿ ಕಪ್ಪಾಗಿದ್ದರೆ. ಅದಕ್ಕೇ ಪೇಪರ್ ಫ್ರೇಮಿನ ಹಿಂಬದಿ ಅಂಚಿನ ಪಕ್ಕ ಲೈಟ್ ಸ್ವಲ್ಪ ಸೋರಲು ಬಿಡುತ್ತೇನೆ. ಪೇಪರ್ ದಾಟದ ಆ ಬೆಳಕು ಜೋರಾಗಿರುತ್ತದೆ, ಕೂತವರ ಬೆನ್ನ ಹಿಂದಿನಿಂದ ಓರೆಯಾಗಿ ಹೋಗಿ ನೆರಳಿನ ಕೆನ್ನೆಯ ಹಿಂದಿನ ಗೋಡೆಗೆ ಬೀಳುತ್ತದೆ. ಉಳಿದ ಗೋಡೆಗಿಂತ ಒಂದೂವರೆ ಸ್ಟಾಪ್ ಮೇಲಿದ್ದರೆ ಸಾಕು, ಕೂದಲು ಬಿಡಿಸಿ ಕಾಣುತ್ತದೆ.