ವೀರಗಲ್ಲನ್ನು ಕೆಳಗಿನಿಂದ ಓದಬೇಕು

ನಮ್ಮದು ಬೆಂಗಳೂರಿನ ಸರ್ಕಾರಿ ಶಾಲೆ, ಸುತ್ತ ಬರೀ ಕಟ್ಟಡ ಕೆಲಸ. ಆರನೇ ಕ್ಲಾಸಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಅರ್ಧಕ್ಕಿಂತ ಕಡಿಮೆ. ಉಳಿದವರದ್ದು ತೆಲುಗು, ಉರ್ದು, ಹಿಂದಿ, ಒಡಿಯಾ, ನೇಪಾಳಿ. ಬೋರ್ಡ್ ಮೇಲೆ ಗಂಗರು, ರಾಷ್ಟ್ರಕೂಟರು ಅಂತ ಬರೆದರೆ ನೋಟ್‌ಬುಕ್ಕಿಗೆ ಅಂದವಾಗಿ ಇಳಿಸುತ್ತಿದ್ದರು, ಒಂದು ಪದವೂ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಆತಕೂರು ಅನ್ನುವ ಊರಿನ ವೀರಗಲ್ಲಿನ, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಕಲ್ಲು ಈಗ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಅದರಲ್ಲಿ ನಾಯಿಗೂ ಕಾಡುಹಂದಿಗೂ ಜಟಾಪಟಿ. ಹೆಸರು, ಇಸವಿ ಏನೂ ಹೇಳದೆ, ಏನಾಗ್ತಿದೆ ನಿಮ್ಮ ಮನೆ ಮಾತಲ್ಲೇ ಹೇಳಿ ಅಂದೆ. ಕುಕ್ಕ, ಕುತ್ತಾ, ಕುಕುರ್ ಅಂತ ಕೂಗಾಟ ಶುರುವಾಯಿತು. ಎಲ್ಲವನ್ನೂ ಚಿತ್ರದ ಪಕ್ಕ ಬರೆದು, ಕೊನೆಗೆ 'ನಾಯಿ' ಸೇರಿಸಿದೆ. ಆಮೇಲೆ ಕಥೆ. ಸುಮಾರು 950ರಲ್ಲಿ, ತಕ್ಕೋಲದಲ್ಲಿ ರಾಷ್ಟ್ರಕೂಟರ ಪರವಾಗಿ ಚೋಳರನ್ನು ಸೋಲಿಸಿದ ಗಂಗರ ದೊರೆ ಬೂತುಗ, ತನ್ನ ವೀರ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನುವ ಈ ನಾಯಿಯನ್ನು! ಹಂದಿ ಜೊತೆ ಕಾದಾಡಿ ಎರಡೂ ಸತ್ತವು, ಕಲ್ಲು ನಿಲ್ಲಿಸಿದರು. ಕಾಳಿಗೋಸ್ಕರ ಮಕ್ಕಳು ಬೂತುಗನನ್ನೂ ಚೋಳರನ್ನೂ ನೆನಪಿಟ್ಟುಕೊಂಡರು.

ಮುಂದಿನ ವಾರ ಒಂದರ ಮೇಲೊಂದು ಮೂರು ಅಂಕಣ, ಅಂದರೆ ಮೂರು ಚಿತ್ರ ಇರುವ ವೀರಗಲ್ಲು ತೋರಿಸಿದೆ. ಮಕ್ಕಳು ಮೇಲಿನಿಂದ ಓದಿದರು: ವೀರ ಶಿವನ ಹತ್ತಿರ ಕೂತಿದ್ದಾನೆ, ಅಪ್ಸರೆಯರು ಕೆಳಗೆ ತರುತ್ತಾರೆ, ಆಮೇಲೆ ಯುದ್ಧ. ನಾನು ಥಟ್ಟನೆ ತಪ್ಪು ಅಂದುಬಿಟ್ಟೆ. ಆ ಪೀರಿಯಡ್ ಪೂರ್ತಿ ಯಾರೂ ಬಾಯಿ ಬಿಡಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಮರುದಿನ ಅದೇ ಚಿತ್ರವನ್ನು ಮೂರು ತುಂಡು ಮಾಡಿ ನೆಲದ ಮೇಲೆ ಹರಡಿ, ನೀವೇ ಜೋಡಿಸಿ ಅಂದೆ. ಉರ್ದು ಓದುವ ಹುಡುಗಿ ಬಲದಿಂದ ಎಡಕ್ಕೆ ಇಟ್ಟಳು, ಉಳಿದವರು ಎಡದಿಂದ ಬಲಕ್ಕೆ. ಇಬ್ಬರ ಕಥೆಯೂ ಯುದ್ಧದಿಂದಲೇ ಶುರು. ಈಗ ಒಂದರ ಮೇಲೊಂದು ಇಡಿ ಅಂದಾಗ, ಸಾಮಾನ್ಯವಾಗಿ ಮಾತೇ ಆಡದ ಒಡಿಯಾ ಹುಡುಗಿ ಯುದ್ಧದ ತುಂಡನ್ನು ಕೆಳಗೆ ಎಳೆದು, ಕೈ ಮೇಲೆತ್ತಿ, "ಸ್ವರ್ಗ ಮೇಲೆ ಅಲ್ವಾ ಮಿಸ್?" ಅಂದಳು.

ಈಗ ಪ್ರತಿ ಪಾಠಕ್ಕೂ ಮೊದಲು ಚಿತ್ರ, ಆಮೇಲೆ ಮನೆ ಮಾತು, ಕೊನೆಗೆ ಕನ್ನಡ. ಚಿತ್ರಕ್ಕೆ ಬಣ್ಣ ತುಂಬಿಸುವುದು ಬಿಟ್ಟಿದ್ದೇನೆ, ಅದರಲ್ಲಿ ಮಕ್ಕಳು ಮಾತಾಡುವುದಿಲ್ಲ. ಮಕ್ಕಳು ತಮ್ಮದೇ ವೀರಗಲ್ಲನ್ನೂ ಬರೆಯುತ್ತಾರೆ. ಬದುಕಿರುವವರಿಗೂ ಕಲ್ಲು ನಿಲ್ಲಿಸಬಹುದು ಅನ್ನುವುದು ನಮ್ಮ ಕ್ಲಾಸಿನ ನಿಯಮ. ನೇಪಾಳಿ ಹುಡುಗನೊಬ್ಬ ಮೊದಲ ಅಂಕಣದಲ್ಲಿ ಬಿದಿರು ಕಟ್ಟಿದ ಎತ್ತರದಲ್ಲಿ ನಿಂತ ಅಪ್ಪನನ್ನು ಬರೆದು, ಬಿದಿರಿನ ಮೇಲೆ ಬೆರಳಿಟ್ಟು, ಇದಕ್ಕೆ ಕನ್ನಡದಲ್ಲಿ ಏನು ಅಂತ ಕೇಳಿದ. 'ಸಾರ್ವೆ' ಅಂದೆ. ಅಕ್ಷರ ಜೋಡಿಸಿಕೊಂಡು ತಾನೇ ಬರೆದ.